ಅಟ್ಟದಿಂದ ಇಳಿದ ಲಿವರ್ ಕೋವಿ: ಮೊದಲು ಕಾಗದ, ಆಮೇಲೆ ಎಣ್ಣೆ

ಮಳೆಗಾಲ ಮುಗಿದು ಅಟ್ಟ ಗುಡಿಸುವ ಹೊತ್ತಿಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ತೀರ್ಥಹಳ್ಳಿಯಿಂದ ಒಬ್ಬರು, ಸಾಗರದಿಂದ ಇನ್ನೊಬ್ಬರು, ಹೊಸನಗರದ ಕಡೆಯಿಂದ ಮತ್ತೊಬ್ಬರು ಕೇಳುವುದು ಒಂದನ್ನೇ: "ಅಜ್ಜನ ಕಾಲದ ಟೂಟೂ ರೈಫಲ್ ಒಂದಿದೆ. ಟ್ರಿಗರ್ ಸುತ್ತ ಬಳೆಯಂಥ ಹಿಡಿ, ಕೆಳಗೆ ಎಳೆದರೆ ಕಟಕ್ ಎನ್ನುತ್ತದೆ. ಇಟ್ಟುಕೊಳ್ಳಬಹುದೇ? ಯಾವ ಎಣ್ಣೆ ಹಾಕಬೇಕು? ಒಂದು ಈಡು ಹೊಡೆದು ನೋಡಲೇ?"

ಕೇಳುವವರಲ್ಲಿ ಹೆಚ್ಚಿನವರು ಕೊನೆಯ ಪ್ರಶ್ನೆಯಿಂದಲೇ ಕೆಲಸ ಶುರು ಮಾಡಿಬಿಟ್ಟಿರುತ್ತಾರೆ. ಅದಕ್ಕೇ ಇಲ್ಲಿ ಕ್ರಮ ಹಾಕಿ ಬರೆಯುತ್ತಿದ್ದೇನೆ. ಕ್ರಮ ತಪ್ಪಿಸಬೇಡಿ.

ಮೊದಲು ನಾಲ್ಕು ಮಾತು ತಿಳಿದಿರಲಿ. ತೋಟ ಕಾಯುವ ಕೇಪಿನ ಕೋವಿ, ಜೋಡು ನಳಿಗೆಯ ತೋಟಾ ಕೋವಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವುಗಳ ನಳಿಗೆಯ ಒಳಮೈ ನುಣುಪು, ಹಾರುವುದು ಚರೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾಗಿ ಗೀರು ತೆಗೆದಿರುತ್ತಾರೆ. ಒಂದೇ ಗುಂಡು ಬುಗುರಿಯಂತೆ ತಿರುಗುತ್ತಾ ಹೊರಡುತ್ತದೆ. ಪಾಯಿಂಟ್ ಟೂಟೂ ಎಂದರೆ ನಳಿಗೆಯ ಬಾಯಿ ಅಂಗುಲದ ನೂರರಲ್ಲಿ 22 ಪಾಲು, ಸುಮಾರು 5.6 ಮಿಲಿಮೀಟರ್. ರಿಮ್‌ಫೈರ್ ಎಂದರೆ ತೋಟಾದ ಬುಡದ ಅಂಚಿನ ಮಡಿಕೆಯೊಳಗೇ ಕಿಡಿಮದ್ದು ತುಂಬಿರುವುದು. ದೊಡ್ಡ ತೋಟಾದ ಬುಡದ ನಡುವೆ ಕಾಣುವ ಗುಂಡಗಿನ ಕೇಪು ಇದರಲ್ಲಿ ಇರುವುದಿಲ್ಲ. ಮೊಳೆ, ಅಂದರೆ ಫೈರಿಂಗ್ ಪಿನ್, ಅಂಚನ್ನು ಜಜ್ಜಿದಾಗ ಮದ್ದು ಹೊತ್ತುತ್ತದೆ. ಕುದುರೆ ಎಂದರೆ ಆ ಮೊಳೆಗೆ ಬಡಿಯುವ, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ಭಾಗ. ಬೆರಳಿನಿಂದ ಒತ್ತುವುದು ಟ್ರಿಗರ್. ಇವೆರಡನ್ನೂ ಕುದುರೆ ಎಂದು ಕರೆದು ಗೊಂದಲ ಮಾಡಿಕೊಳ್ಳುವವರಿದ್ದಾರೆ, ಆದ್ದರಿಂದ ಹೇಳಿದೆ. ಟ್ರಿಗರ್ ಸುತ್ತಲಿನ ಆ ಬಳೆಯಂಥ ಹಿಡಿಯೇ ಲಿವರ್.

1. ಕಾಗದ

ಲೈಸೆನ್ಸ್ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಕೋವಿಯನ್ನು ಇದ್ದಲ್ಲೇ ಬಿಟ್ಟು ಕೋಣೆಗೆ ಬೀಗ ಹಾಕಿ. ಫೋಟೊ ತೆಗೆದು ನೆಂಟರ ಗುಂಪಿಗೆ ಕಳಿಸಬೇಡಿ. ಕೊಡಗಿನವರಿಗೆ ಇರುವ ವಿನಾಯಿತಿಯನ್ನು ನೆನೆದು "ನಮ್ಮದೂ ಹಳೇ ಮನೆತನ" ಎನ್ನುವವರು ಸಿಗುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಇರುವವರಿಗೆ ಮಾತ್ರ. ಶಿವಮೊಗ್ಗ ಜಿಲ್ಲೆಯ ನಮಗೆ 1959ರ ಆಯುಧ ಕಾಯಿದೆ ಪೂರ್ತಿ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕಡಿಮೆ ಎಂದರೆ ಎರಡು ವರ್ಷ ಸೆರೆವಾಸ. ಕೋವಿ ಹಳೆಯದು, ತುಕ್ಕು ಹಿಡಿದಿದೆ ಎಂಬುದು ರಿಯಾಯಿತಿಗೆ ಕಾರಣವಾಗುವುದಿಲ್ಲ.

ಲೈಸೆನ್ಸುದಾರರು ತೀರಿಕೊಂಡಿದ್ದರೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಡಬೇಕು. ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಒಯ್ಯಿರಿ. ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಬೇಡಿ. ರಸೀದಿ ಪಡೆಯದೆ ಮರಳಬೇಡಿ. ರಸೀದಿಯಲ್ಲಿ ತಯಾರಕರ ಹೆಸರು, ಬೋರ್ (ನಳಿಗೆಯ ಬಾಯಿಯ ಅಳತೆ), ಕ್ರಮಸಂಖ್ಯೆ ಮೂರೂ ಇರಬೇಕು. ಆಮೇಲೆ ವಾರಸುದಾರರಾಗಿ ಜಿಲ್ಲಾಧಿಕಾರಿಯವರಿಗೆ ಅರ್ಜಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. ಉಳಿದವರ ಒಪ್ಪಿಗೆ ಪತ್ರ ಸಿಗದೆ ಅರ್ಜಿ ವರ್ಷಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ. ಅಡಿಕೆ ತೋಟದ ಪಾಲು ಇತ್ಯರ್ಥವಾಗದ ಮನೆಯಲ್ಲಿ ಕೋವಿಯೂ ಇತ್ಯರ್ಥವಾಗುವುದಿಲ್ಲ.

ಅಜ್ಜ ಬದುಕಿದ್ದಾರೆ ಎಂದಾದರೆ ದಾರಿ ಸುಲಭ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರ ಜೀವಿತಕಾಲದಲ್ಲೇ ವಾರಸುದಾರರ ಹೆಸರಿಗೆ ಕೊಡಿಸಬಹುದು. ಇದನ್ನು ಮುಂದೂಡಬೇಡಿ. ಅಜ್ಜ ಸಹಿ ಹಾಕಿ ಮುಗಿಸುವ ಕೆಲಸವನ್ನು ಅವರು ಹೋದ ಮೇಲೆ ಎಂಟು ಜನ ಸೇರಿ ಸಹಿ ಹಾಕಿದರೂ ಮುಗಿಸಲಾಗುವುದಿಲ್ಲ.

ಇನ್ನೆರಡು ಹಳ್ಳಗಳಿವೆ. ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆಯನ್ನು 2019ರಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರು. ವಾರಸಾಗಿ ಬಂದದ್ದೂ ಆ ಎರಡರೊಳಗೇ ಸೇರುತ್ತದೆ. ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಕೊಟ್ಟ ಲೈಸೆನ್ಸ್ ಕಿಸೆಯಲ್ಲಿದೆ ಎಂದ ಮಾತ್ರಕ್ಕೆ ರೈಫಲ್ ಇಟ್ಟುಕೊಳ್ಳುವಂತಿಲ್ಲ. ರೈಫಲ್ಲಿನ ವಿವರವೇ ಆ ಪುಸ್ತಕದಲ್ಲಿ ಬರೆದಿರಬೇಕು. ಹಿಂದೆಂದೂ ಲೈಸೆನ್ಸ್ ಇದ್ದ ದಾಖಲೆಯೇ ಸಿಗದ ಕೋವಿಯಾದರೆ ಮೊದಲು ವಕೀಲರನ್ನು ಕಾಣಿ, ಆಮೇಲೆ ಠಾಣೆ.

2. ಖಾಲಿ ಮಾಡುವುದು

ಲೈಸೆನ್ಸ್ ನಿಮ್ಮದಾಯಿತು, ಕೋವಿ ಕೈಗೆ ಬಂತು ಎನ್ನೋಣ. ಅದರಲ್ಲಿ ತೋಟಾ ಇದೆ ಎಂದೇ ತಿಳಿಯಿರಿ, ಅಜ್ಜಿ ಇಲ್ಲವೆಂದು ಆಣೆ ಇಟ್ಟು ಹೇಳಿದರೂ.

ಲಿವರ್ ರೈಫಲ್ಲಿನ ಕಪಟ ಇರುವುದು ಅದರ ಮ್ಯಾಗಜಿನ್‌ನಲ್ಲಿ. ತೋಟಾಗಳು ಸಾಲಾಗಿ ಮಲಗುವ ಈ ಉಗ್ರಾಣ ನಳಿಗೆಯ ಕೆಳಗೆ ಅದಕ್ಕೆ ಅಂಟಿಕೊಂಡಂತಿರುವ ಇನ್ನೊಂದು ಕೊಳವೆ. ನೋಡುವವರಿಗೆ ಅದೂ ನಳಿಗೆಯೇ ಎನ್ನಿಸುತ್ತದೆ. ಅಮೆರಿಕದ ಮಾರ್ಲಿನ್ ಕಂಪನಿಯ 39ಎ ಮಾದರಿಯಲ್ಲಿ ಅದರೊಳಗೆ 'ಲಾಂಗ್ ರೈಫಲ್' ಎಂಬ ಉದ್ದದ ತೋಟಾ 19 ಹಿಡಿಸುತ್ತವೆ, ಗಿಡ್ಡ ತೋಟಾ ಆದರೆ 26.

ನಳಿಗೆಯ ಬಾಯಿ ಮಣ್ಣಿನ ಗುಡ್ಡೆಯ ಕಡೆ ಇರಲಿ. ಬೆರಳು ಟ್ರಿಗರ್‌ನಿಂದ ದೂರ. ಕೆಳಗಿನ ಕೊಳವೆಯ ತುದಿಯ ಗುಬಟನ್ನು ತಿರುಗಿಸಿ ಒಳಗಿನ ಹಿತ್ತಾಳೆಯ ಕೊಳವೆಯನ್ನು ಪೂರ್ತಿ ಹೊರಗೆಳೆಯಿರಿ. ಇಲ್ಲೇ ಅನೇಕರು ಅಂಗೈಯನ್ನು ನಳಿಗೆಯ ಬಾಯಿಯ ಎದುರಿಗೆ ತರುವುದು; ಕೈ ಪಕ್ಕದಿಂದ ಹೋಗಲಿ. ರೈಫಲ್ ಬಾಗಿಸಿದರೆ ತೋಟಾಗಳು ಉದುರುತ್ತವೆ. ಅಷ್ಟಕ್ಕೇ ನಿಲ್ಲಿಸಿದರೆ ಒಂದು ತೋಟಾ ಮೇಲೆತ್ತುವ ತೊಟ್ಟಿಲಿನಲ್ಲೂ ಇನ್ನೊಂದು ನಳಿಗೆಯ ಬುಡದ ಕೋಣೆಯಲ್ಲೂ ಉಳಿದಿರಬಹುದು. ಲಿವರನ್ನು ನಿಧಾನವಾಗಿ, ಕೊನೆಯವರೆಗೆ, ನಾಲ್ಕೈದು ಸಲ ಎಳೆದು ಮುಚ್ಚಿ. ಆಮೇಲೆ ತೆರೆದಿಟ್ಟು ಬೆಳಕಿನಲ್ಲಿ ನೋಡಿ. ಕಿರುಬೆರಳ ತುದಿಯಿಂದ ಮುಟ್ಟಿಯೂ ನೋಡಿ. ಹಳೆಯ ತೋಟಾದ ಹಿತ್ತಾಳೆ ಕಪ್ಪಾಗಿ ಉಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ಕಣ್ಣು ಮೋಸ ಹೋಗುತ್ತದೆ.

ಹಳೆಯ ಲಿವರ್ ರೈಫಲ್‌ಗಳಲ್ಲಿ ಬೇರೆ ಸೇಫ್ಟಿ ಇರುವುದಿಲ್ಲ. ಕುದುರೆಯನ್ನು ಅರ್ಧ ಎಳೆದಾಗ ಸಿಗುವ ಕಚ್ಚೇ ಸೇಫ್ಟಿ. ಸವೆದ ಕಚ್ಚು ಜಾರುತ್ತದೆ. ಅದನ್ನು ನಂಬಿ ತೋಟಾ ತುಂಬಿದ ರೈಫಲ್ಲನ್ನು ಗೋಡೆಗೆ ಒರಗಿಸುವ ಅಭ್ಯಾಸ ಅಜ್ಜನಿಗೆ ಇದ್ದರೆ ಅದು ಅಜ್ಜನ ಜೊತೆಗೇ ಹೋಗಲಿ.

ಉದುರಿದ ತೋಟಾಗಳನ್ನು ಜೋಪಾನ ಮಾಡಬೇಡಿ. ಎಷ್ಟು ಇಟ್ಟುಕೊಳ್ಳಬಹುದೆಂದು ನಿಮ್ಮ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಲೆಕ್ಕಕ್ಕೆ ಸಿಗದವನ್ನು, ಪಾಚಿ ಹಿಡಿದವನ್ನು ಬಂದೂಕಿನ ಅಂಗಡಿಯವರ ಅಥವಾ ಠಾಣೆಯವರ ವಶಕ್ಕೆ ಕೊಡಿ. ಬಚ್ಚಲ ಒಲೆಗೆ ಎಸೆಯುವುದು ಎಂಥ ಮೂರ್ಖತನ ಎಂದು ಬರೆಯಬೇಕಾಗಿ ಬಂದಿರುವುದೇ ಬೇಸರ.

3. ಗುರುತು ಹಿಡಿಯುವುದು

ಕ್ರಮಸಂಖ್ಯೆ ಹುಡುಕುವುದು ಮೊದಲ ಕೆಲಸ. ಹಳೆಯ ಮಾದರಿಗಳಲ್ಲಿ ಹೆಚ್ಚಾಗಿ ಹಿಡಿಯ ಕೆಳಪಟ್ಟಿಯ ಮೇಲೆ, ಲಿವರ್ ಕೆಳಗೆ ಎಳೆದಾಗ ಕಾಣುವಂತೆ ಕೊರೆದಿರುತ್ತಾರೆ. ಲೈಸೆನ್ಸ್ ಪುಸ್ತಕದ ಸಂಖ್ಯೆಯೊಂದಿಗೆ ಅಂಕಿ ಅಂಕಿ ಹೋಲಿಸಿ. ಹಿಂದಿನ ಕಾಲದ ಗುಮಾಸ್ತರು ನಳಿಗೆಯ ಮೇಲಿನ ಪೇಟೆಂಟ್ ತಾರೀಖನ್ನೋ ಮಾದರಿಯ ಸಂಖ್ಯೆಯನ್ನೋ ಕ್ರಮಸಂಖ್ಯೆ ಎಂದು ಬರೆದಿರುವುದುಂಟು. "ನಂ. 1897" ಎಂದು ಇದ್ದರೆ ಅದು ಮಾರ್ಲಿನ್ ಕಂಪನಿಯ ಮಾದರಿಯ ಹೆಸರು, ಕ್ರಮಸಂಖ್ಯೆಯಲ್ಲ. ತಪ್ಪನ್ನು ನೀವೇ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಿ. ತಪಾಸಣೆಯ ದಿನ ಬೇರೆಯವರು ಕಂಡುಹಿಡಿದರೆ ವಿವರಣೆ ಉದ್ದವಾಗುತ್ತದೆ.

ಇನ್ನು ರಸದ ಭಾಗ. ಲಿವರ್ ಕೋವಿ ಹೆಸರು ಮಾಡಿದ್ದೇ ರಿಮ್‌ಫೈರ್ ತೋಟಾದೊಂದಿಗೆ. 1860ರ ಹೆನ್ರಿ ರೈಫಲ್, 1866ರ ಹಿತ್ತಾಳೆ ಮೈಯ ವಿಂಚೆಸ್ಟರ್ ಎರಡೂ .44 ಬೋರಿನ ರಿಮ್‌ಫೈರ್. ಮೊಳೆಯ ಏಟಿಗೆ ಅಂಚು ನಜ್ಜಾಗಬೇಕಾದರೆ ತೋಟಾದ ಲೋಹ ತೆಳುವಾಗಿರಲೇಬೇಕು. ತೆಳುವಾದದ್ದು ಹೆಚ್ಚು ಮದ್ದಿನ ಒತ್ತಡ ತಾಳುವುದಿಲ್ಲ. ಹಾಗಾಗಿ ದೊಡ್ಡ ಕೋವಿಗಳು ನಡುಕೇಪಿನ ತೋಟಾಕ್ಕೆ ಹೋದವು, ರಿಮ್‌ಫೈರ್ ಸಣ್ಣ ಬೋರಿನಲ್ಲಿ ಉಳಿಯಿತು. ಇಂದಿಗೂ ನಡೆಯುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ವಿಂಚೆಸ್ಟರ್ ತನ್ನ 1873ರ ಮಾದರಿಯನ್ನು .22ರಲ್ಲೂ ಮಾಡಿತು, ಮಾರ್ಲಿನ್ 1891ರಲ್ಲಿ ತನ್ನದನ್ನು ತಂದಿತು. ಆ ಸಂತಾನವೇ 1892, 1897, 1922ರ 39, 1939ರ 39ಎ ಎಂದು ಬೆಳೆಯುತ್ತಾ ಬಂತು. ವಿಂಚೆಸ್ಟರ್ 9422 ತೀರಾ ಈಚಿನದು, 1972ರದು. ಬ್ರೌನಿಂಗ್ ಬಿಎಲ್-22 ಹೆಸರಿಗೆ ಅಮೆರಿಕದ್ದು, ಮಾಡಿದ್ದು ಜಪಾನಿನ ಮಿರೋಕು. ಲಿವರ್ ಇದ್ದೂ ಮ್ಯಾಗಜಿನ್ ಇಲ್ಲದ, ಒಂದೊಂದೇ ತೋಟಾ ಇಡುವ ರೈಫಲ್ ನಿಮ್ಮದಾದರೆ ಬಹುಶಃ ಅದು ಇಂಗ್ಲೆಂಡಿನ ಬಿಎಸ್‌ಎ ಮಾಡಿದ ಮಾರ್ಟಿನಿ ಬಗೆಯದು, ಇಲ್ಲವೇ ಅಮೆರಿಕದ ಸ್ಟೀವನ್ಸ್ ಫೇವರಿಟ್. ಗುರಿಯ ಮಟ್ಟಿಗೆ ಮಾರ್ಟಿನಿಯ ಮುಂದೆ ಉಳಿದವು ನಾಚಬೇಕು.

ನಳಿಗೆಯ ಮೇಲೆ ಕಲ್ಕತ್ತೆಯ ರೊಡ್ಡಾ ಅಥವಾ ಮ್ಯಾಂಟನ್ ಅಂಗಡಿಯ ಹೆಸರು ಇದ್ದೀತು. ಅದು ಮಾರಿದವರ ಹೆಸರು, ಮಾಡಿದವರದಲ್ಲ. "ನಾಟ್ ಇಂಗ್ಲಿಷ್ ಮೇಕ್" ಎಂಬ ಪುಟ್ಟ ಮುದ್ರೆ ಸಿಕ್ಕಿದರೆ ಖುಷಿಪಡಿ: ಬೇರೆ ದೇಶದಲ್ಲಿ ಮಾಡಿದ ಕೋವಿಯನ್ನು ಇಂಗ್ಲೆಂಡಿನಲ್ಲಿ ಒತ್ತಡ ಪರೀಕ್ಷೆಗೆ ಒಡ್ಡಿದಾಗ 1925ರಿಂದ 1955ರವರೆಗೆ ಹಾಕುತ್ತಿದ್ದ ಮುದ್ರೆ ಅದು. ಅಮೆರಿಕದ ಕೋವಿ ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ದಾರಿಯಾಗಿ ನಿಮ್ಮ ಅಟ್ಟಕ್ಕೆ ಬಂದ ಕಥೆ ಆ ಮೂರು ಪದದಲ್ಲಿದೆ.

ಮಾರ್ಲಿನ್ 39 ಇದ್ದವರು ಕ್ರಮಸಂಖ್ಯೆಯ ಮೊದಲು "ಎಚ್‌ಎಸ್" ಎಂಬ ಅಕ್ಷರಗಳಿವೆಯೇ ನೋಡಿ. ಇದ್ದರೆ ವೇಗದ ತೋಟಾ ತಾಳುವ ಗಟ್ಟಿ ಬೋಲ್ಟ್ ಅದರಲ್ಲಿದೆ. ಆರಂಭದ 39ಗಳ ಬೋಲ್ಟ್, ಅಂದರೆ ತೋಟಾದ ಹಿಂದೆ ಅಗುಳಿಯಂತೆ ನಿಲ್ಲುವ ಉಕ್ಕಿನ ತುಂಡು, ವೇಗದ ತೋಟಾಕ್ಕೆ ಬಿರುಕು ಬಿಡುತ್ತಿತ್ತು. 1892, 1897ರಂಥ ಇನ್ನೂ ಹಳೆಯವಕ್ಕೂ ವೇಗದ ತೋಟಾ ಬೇಡವೇ ಬೇಡ.

4. ಒರೆಸುವುದು, ಎಣ್ಣೆ

ನಮ್ಮ ಕಡೆ ಕೋವಿಗಳು ಉದಾಸೀನದಿಂದ ಹಾಳಾದದ್ದಕ್ಕಿಂತ ಪ್ರೀತಿಯಿಂದ ಹಾಳಾದದ್ದೇ ಹೆಚ್ಚು.

ಕೊಬ್ಬರಿ ಎಣ್ಣೆ ಬೇಡ. ಮೊದಲ ದಿನ ಮಿರಿಮಿರಿ ಮಿಂಚುತ್ತದೆ, ವರ್ಷ ಕಳೆದರೆ ಅಂಟಾಗಿ ಕಮಟು ಹಿಡಿದು ಸ್ಪ್ರಿಂಗುಗಳನ್ನು ಕಟ್ಟಿಹಾಕುತ್ತದೆ. ಬಂದೂಕಿಗೆಂದೇ ಮಾರುವ ಎಣ್ಣೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಹನಿ ಲೆಕ್ಕದಲ್ಲಿ ಹಾಕಿ, ಸುರಿಯಬೇಡಿ; ಸುರಿದ ಎಣ್ಣೆ ಇಳಿದು ಹಿಡಿಯ ಮರವನ್ನು ಕಪ್ಪಗೆ ಮೆತ್ತಗೆ ಮಾಡುತ್ತದೆ. ಮರ ಸಾಮಾನ್ಯವಾಗಿ ಅಕ್ರೋಟು. ಅದಕ್ಕೆ ಅಗಸೆ ಎಣ್ಣೆಯ ಎರಡು ಹನಿ ಅಂಗೈಯಲ್ಲಿ ಉಜ್ಜಿ ಸವರಿದರೆ ವರ್ಷಕ್ಕೆ ಸಾಕಾಗುತ್ತದೆ.

ಆಯುಧಪೂಜೆಯಲ್ಲಿ ಕೋವಿಗೆ ನಿಂಬೆಹಣ್ಣು ಹಿಂಡುವುದು, ಕುಂಕುಮ ಕಲಸಿ ಹಚ್ಚುವುದು ಬೇಡ. ನಿಂಬೆಯ ಹುಳಿ ಉಕ್ಕಿನ ಮೇಲಿನ ನೀಲಿಗಪ್ಪು ಹೊದಿಕೆಯನ್ನು ತಿನ್ನುತ್ತದೆ. ಹಿಡಿಗೆ ಒಂದು ಹೂವಿನ ಎಳೆ ಸುತ್ತಿ, ಸಂಜೆಗೇ ತೆಗೆದುಬಿಡಿ. ದೇವಿಗೆ ಕೋಪ ಬಂದ ಉದಾಹರಣೆ ಇಲ್ಲ.

ಮೂರನೆಯ ಶತ್ರು ನಮ್ಮ ಕೈಯಲ್ಲೇ ಇದೆ. ಅಡಿಕೆ ಸುಲಿದು, ಬೇಯಿಸಿದ ಚೊಗರಿನಲ್ಲಿ ಅದ್ದಿದ ಕೈಯಲ್ಲಿ ಉಕ್ಕನ್ನು ಮುಟ್ಟಬೇಡಿ. ಚೊಗರು ಕಬ್ಬಿಣಕ್ಕೆ ತಾಗಿದರೆ ಶಾಯಿಯಂಥ ಕಪ್ಪು ಕಲೆ ಕೂರುತ್ತದೆ. ನಮ್ಮ ಮನೆಯ ರೈಫಲ್ಲಿನ ಎಡಮಗ್ಗುಲಲ್ಲಿ ಒಂದು ಹೆಬ್ಬೆರಳ ಗುರುತು ಗೆರೆ ಗೆರೆಯಾಗಿ ಹಾಗೇ ಇದೆ. ಯಾರದೆಂದು ನನಗೆ ಗೊತ್ತು. ಅದು ಯಾವ ಎಣ್ಣೆಗೂ ಹೋಗಲಿಲ್ಲ.

ನಳಿಗೆ ಒಳಗಿನಿಂದ ಒರೆಸುವಾಗ ಹಿಂಬದಿಯಿಂದ ಬಾಯಿಯ ಕಡೆಗೆ ಎಳೆಯಬೇಕು. ಮಾರ್ಲಿನ್ ಮತ್ತು 9422ರಲ್ಲಿ ಪಕ್ಕದ ಒಂದು ತಿರುಪು ಬಿಚ್ಚಿದರೆ ರೈಫಲ್ ಎರಡು ಭಾಗವಾಗಿ, ಬೋಲ್ಟ್ ಹೊರಬಂದು ಹಿಂಬದಿ ತೆರೆದುಕೊಳ್ಳುತ್ತದೆ. ಬಿಎಲ್-22 ಹಾಗೆ ಬಿಚ್ಚುವುದಿಲ್ಲ. ಅದಕ್ಕೆ ಎನ್‌ಸಿಸಿಯಲ್ಲಿ ಟೂಟೂ ಹೊಡೆದವರಿಗೆ ಗೊತ್ತಿರುವ ಪುಲ್‌ಥ್ರೂ ದಾರ ಮತ್ತು ಚಿಂದಿಯೇ ಸರಿ. ಬಾಯಿಯ ಕಡೆಯಿಂದ ಕಬ್ಬಿಣದ ಸರಳು ತೂರಿಸಿ ತಿಕ್ಕಿದರೆ ನಳಿಗೆಯ ತುದಿ ಸವೆದು ಗುರಿ ಕೆಡುತ್ತದೆ. ಆ ತುದಿಯ ಅಂಚೇ ಗುಂಡಿಗೆ ಕೊನೆಯ ದಾರಿ ತೋರಿಸುವುದು. ಅಂದಹಾಗೆ ಇಂದಿನ .22 ತೋಟಾಕ್ಕೆ ನಳಿಗೆಯನ್ನು ಪದೇ ಪದೇ ತಿಕ್ಕುವ ಅಗತ್ಯವೂ ಇಲ್ಲ. ನಿಜವಾಗಿ ಕೊಳೆ ಕಟ್ಟುವುದು ತೋಟಾ ಕೂರುವ ಕೋಣೆಯಲ್ಲಿ. ಗಿಡ್ಡ ತೋಟಾ ಬಹಳ ಹೊಡೆದ ರೈಫಲ್ಲಿನಲ್ಲಿ ಅಲ್ಲಿ ಉಂಗುರದಂತೆ ಕಿಟ್ಟ ಕಟ್ಟಿ, ಉದ್ದದ ತೋಟಾ ಸಿಕ್ಕಿಕೊಳ್ಳುತ್ತದೆ.

ತಿರುಪು ಬಿಚ್ಚಲು ಸೈಕಲ್ ಅಂಗಡಿಯ ತಿರುಪುಳಿ ಬೇಡ. ಗೀರಿನ ಅಗಲಕ್ಕೆ ಸರಿಯಾಗಿ ಕೂರುವ ಅಲಗೇ ಬೇಕು. ಹಳೆಯ ಬಣ್ಣ ಕೆರೆದು ಹೊಳಪು ಕೊಡಿಸುವುದಂತೂ ಮಾಡಲೇಬೇಡಿ, ಅಕ್ಷರಗಳ ಅಂಚು ಅಳಿದು ಕೋವಿಯ ವಯಸ್ಸೇ ಅಳಿದುಹೋಗುತ್ತದೆ.

ಕೊನೆಯದಾಗಿ, ಖಾಲಿ ರೈಫಲ್ಲಿನ ಕುದುರೆಯನ್ನು ಟಕ್ ಟಕ್ ಎಂದು ಬಡಿಸಬೇಡಿ. ರಿಮ್‌ಫೈರ್‌ನಲ್ಲಿ ಮೊಳೆ ಹೊಡೆಯುವುದು ಅಂಚಿಗೆ. ತೋಟಾ ಇಲ್ಲದಿದ್ದರೆ ಅದು ನಳಿಗೆಯ ಅಂಚಿಗೇ ಬಡಿದು ಅಲ್ಲಿ ಸಣ್ಣ ತಗ್ಗು ಬೀಳುತ್ತದೆ, ಆಮೇಲೆ ತೋಟಾ ಸಲೀಸಾಗಿ ಒಳಗೆ ಹೋಗುವುದಿಲ್ಲ, ಹೊತ್ತುವುದೂ ಇಲ್ಲ. ಬಂದವರಿಗೆಲ್ಲ ಕುದುರೆ ಬಡಿದು ತೋರಿಸುವ ಮನೆಯ ರೈಫಲ್ಲನ್ನು ನೋಡಿದ ಕೂಡಲೇ ಗುರುತಿಸಬಹುದು.

5. ಇಡುವ ಜಾಗ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ. ಉಳಿದ ಮಲೆನಾಡಿನಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಸೀರೆಗೇ ಬೂಸ್ಟು ಬರುತ್ತದೆ. ಚರ್ಮದ ಚೀಲ, ಬಟ್ಟೆಯ ಗವಸು, ಕಂಬಳಿ ಎಲ್ಲವೂ ತೇವ ಹಿಡಿದಿಟ್ಟು ಉಕ್ಕಿಗೆ ಉಣಿಸುತ್ತವೆ. ಕೋವಿಯನ್ನು ಬೀಗವಿರುವ ಕಬ್ಬಿಣದ ಬೀರುವಿನಲ್ಲಿ ಹೊದಿಕೆಯಿಲ್ಲದೆ, ಗೋಡೆಗೆ ತಾಗದಂತೆ ನಿಲ್ಲಿಸಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಣಗಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಯಂತ್ರದೊಳಗೆ ಕೂರುತ್ತದೆ, ಮರ ಸೀಳುತ್ತದೆ, ಬೀಗವೂ ಇಲ್ಲ. ತೋಟಾಗಳು ಬೇರೆ ಬೀಗದಲ್ಲಿರಲಿ, ಬೀಗದಕೈ ನಿಮ್ಮ ಬಳಿ.

ಚುನಾವಣೆ ಬಂದಾಗ ಠೇವಣಿ ಇಡುವಂತೆ ಸೂಚನೆ ಬರುವುದು ನಮ್ಮ ಕಡೆಯ ಕೋವಿದಾರರಿಗೆ ಹೊಸದಲ್ಲ. ಒಮ್ಮೆ ಎರಡು ತಿಂಗಳು ಠೇವಣಿಯಲ್ಲಿದ್ದ ರೈಫಲ್ ನನಗೆ ಮರಳಿದಾಗ ನಳಿಗೆಯ ಮೇಲೆ ಹಗ್ಗ ಕಟ್ಟಿದ ಜಾಗವೆಲ್ಲ ಕೆಂಪಾಗಿತ್ತು. ಅಂದಿನಿಂದ ಒಯ್ಯುವ ಮುನ್ನ ಒಳಗೂ ಹೊರಗೂ ದಪ್ಪ ಎಣ್ಣೆ ಸವರುತ್ತೇನೆ, ನಾಲ್ಕು ಕಡೆಯಿಂದ ಫೋಟೊ ತೆಗೆದಿಡುತ್ತೇನೆ, ತಂದ ದಿನವೇ ಒರೆಸುತ್ತೇನೆ. ಹಗ್ಗದ ಚೀಟಿಯನ್ನು ಲಿವರಿನ ಬಳೆಗೆ ಕಟ್ಟುವಂತೆ ವಿನಯವಾಗಿ ಕೇಳಿ. ಕಟ್ಟುತ್ತಾರೆ.

6. ಹೊಡೆಯುವುದು

ತೋಟದಲ್ಲಿ ಅಲ್ಲ, ಕಾಡಿನ ಅಂಚಿನಲ್ಲಿ ಅಲ್ಲ, ಮದುವೆಮನೆಯಲ್ಲಂತೂ ಅಲ್ಲವೇ ಅಲ್ಲ. ಬೇಟೆಯ ಮಾತು 1972ರ ವನ್ಯಜೀವಿ ಕಾಯಿದೆಯೊಂದಿಗೆ ಮುಗಿದಿದೆ. ರೈಫಲ್ ಹೊಡೆಯುವ ಜಾಗ ಮಾನ್ಯತೆ ಪಡೆದ ರೇಂಜ್, ಅಂದರೆ ಗುಂಡು ತಡೆಯುವ ಮಣ್ಣುಗೋಡೆ ಇರುವ ಮೈದಾನ. ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ .22 ಲೈಸೆನ್ಸ್ ಕೊಡುವ ಬಗ್ಗೆ ಕಾಯಿದೆಯಲ್ಲೇ ಪ್ರತ್ಯೇಕ ಮಾತಿದೆ, ಸದಸ್ಯತ್ವ ಮಾಡಿಸಿಕೊಳ್ಳಿ.

"ಇಷ್ಟು ಸಣ್ಣ ತೋಟಾ, ಏನಾದೀತು" ಎಂಬ ಸಸಾರವೇ ಇದರ ದೊಡ್ಡ ಅಪಾಯ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ, ಆದರೆ ಒಂದೂವರೆ ಮೈಲಿ ಹೋದೀತೆಂದು ತೋಟಾದ ಪೆಟ್ಟಿಗೆಯ ಮೇಲೇ ಎಚ್ಚರಿಕೆ ಅಚ್ಚಾಗಿರುತ್ತದೆ. ನಮ್ಮಲ್ಲಿ ಒಂದೂವರೆ ಮೈಲಿಯೊಳಗೆ ಎಷ್ಟು ಮನೆ, ಎಷ್ಟು ಗದ್ದೆ, ಎಷ್ಟು ದನ ಕಾಯುವವರು ಎಂದು ಎಣಿಸಿ. ನೀರಿಗೆ, ಜಂಬಿಟ್ಟಿಗೆ ಓರೆಯಾಗಿ ತಾಗಿದರೆ ಅದು ಚಿಮ್ಮಿ ಎತ್ತಲೋ ಹೋಗುತ್ತದೆ.

ಮೊದಲು ರೈಫಲ್ಲನ್ನು ತಿಳಿದ ಬಂದೂಕು ರಿಪೇರಿಯವರಿಗೆ ತೋರಿಸಿ. ಆಮೇಲೆ ಸಾಧಾರಣ ವೇಗದ ತೋಟಾ, ಒಮ್ಮೆಗೆ ಒಂದೇ ತುಂಬಿ. ಕನ್ನಡಕ, ಕಿವಿಮುಚ್ಚಿಗೆ ಮರೆಯಬೇಡಿ. ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಿ, ಆಮೇಲೆ ಲಿವರ್ ತೆರೆಯಿರಿ. ಅಂಚಿನೊಳಗೆ ಮದ್ದು ಸಮನಾಗಿ ಹರಡದಿದ್ದರೆ ರಿಮ್‌ಫೈರ್ ಹೀಗೆ ಕೈಕೊಡುವುದುಂಟು. ಸದ್ದು ಟುಸ್ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ: ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಮುಂದಿನ ಈಡಿಗೆ ನಳಿಗೆ ಹಾವು ಕಪ್ಪೆ ನುಂಗಿದಂತೆ ಉಬ್ಬುತ್ತದೆ. ಬಿಎಲ್-22ರಲ್ಲಿ ಟ್ರಿಗರ್ ಲಿವರಿನ ಜೊತೆಗೇ ಕೆಳಗಿಳಿದು ಮೇಲೆ ಬರುವುದರಿಂದ ಲಿವರ್ ಆಡಿಸುವಾಗ ಬೆರಳು ಅದರ ಮೇಲಿರಬಾರದು.

ಹೊಡೆಯುವ ಅವಕಾಶ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಆದರೆ ಈ ಯಂತ್ರವನ್ನು ಸವಿಯಲು ಗುಂಡೇ ಬೇಕೆಂದಿಲ್ಲ. ಪ್ಲಾಸ್ಟಿಕ್ಕಿನ ಅಭ್ಯಾಸದ ತೋಟಾ ಎರಡು ತುಂಬಿ, ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಕುಳಿತು ಲಿವರನ್ನು ಒಂದೊಂದೇ ಅಂಗುಲ ಇಳಿಸಿ. ಮೊದಲು ಬೋಲ್ಟ್ ಹಿಂದೆ ಸರಿಯುತ್ತದೆ, ಕೊಕ್ಕೆ ಹಳೆಯ ತೋಟಾದ ಅಂಚು ಹಿಡಿದು ಪಕ್ಕಕ್ಕೆ ಚಿಮ್ಮಿಸುತ್ತದೆ, ಕುದುರೆ ತಾನಾಗಿ ಹಿಂದಕ್ಕೆ ಬಾಗುತ್ತದೆ. ಲಿವರ್ ತಳ ಮುಟ್ಟುವ ಹೊತ್ತಿಗೆ ತೊಟ್ಟಿಲು ಹೊಸ ತೋಟಾ ಹೊತ್ತು ಮೇಲೇಳುತ್ತದೆ. ಮುಚ್ಚುವಾಗ ಬೋಲ್ಟ್ ಅದನ್ನು ನಳಿಗೆಗೆ ನೂಕುತ್ತದೆ. ಅರ್ಧದಲ್ಲಿ ನಿಲ್ಲಿಸಿ ಹಿಂತಿರುಗಿಸಬೇಡಿ, ಎರಡು ತೋಟಾ ಒಂದರ ಮೇಲೊಂದು ಸಿಕ್ಕಿಕೊಳ್ಳುವುದು ಅಲ್ಲೇ. ನೋಡಿದ್ದಾದ ಮೇಲೆ ಎರಡೂ ಹೊರಬಂದಿವೆಯೇ ಎಣಿಸಿ, ಬೆರಳಚ್ಚು ಒರೆಸಿ, ಬೀರುವಿಗೆ ಬೀಗ ಹಾಕಿ.